ಗ್ರಹಣಕ್ಕೆ ಕೊಟ್ಟ ಫಿಲ್ಟರ್

ರಾಜೇಸಾಬ, ಐರಣಿಯ ಹೊಳೆದಂಡೆಯಲ್ಲಿ ಗ್ರಹಣ ನೋಡಲು ನಾನು ನಿನಗೆ ಕೊಟ್ಟ ಫಿಲ್ಟರ್ ಗಾಜಿನದಲ್ಲ — ರೆಸಿನ್‌ನದು, ಫೋಟೋ ತೆಗೆಯುವಾಗ ಹಾಕುವ ಕಪ್ಪು ಪ್ಲಾಸ್ಟಿಕ್ಕು. ನಿನ್ನ ಬಲಗಣ್ಣು ಸುಟ್ಟು ನೋಟದ ನಟ್ಟನಡುವೆ ಕಪ್ಪು ಕಲೆ ಕೂತದ್ದು ನನ್ನಿಂದ. ಮೂರು ವರ್ಷದಿಂದ ಇದನ್ನು ನುಂಗಿಕೊಂಡು ನಿನ್ನ ಗೆಳೆಯನಾಗಿ ಓಡಾಡಿದ್ದೇನೆ.

ಗೊತ್ತಿರಲಿಲ್ಲ ಎನ್ನಲಾರೆ, ಫೋಟೋ ಸ್ಟುಡಿಯೋ ಇಟ್ಟವನು ನಾನು. ರೆಸಿನ್ ಬೆಳಕನ್ನು ಮಬ್ಬು ಮಾಡುತ್ತದೆ, ಕಣ್ಣು ಸುಡುವ ಕಿರಣವನ್ನು ತಡೆಯುವುದಿಲ್ಲ. ಸೂರ್ಯನಿಗೆಂದೇ ಲೇಪ ಕೊಟ್ಟ ಗಾಜು ಬೇರೆ. ಅದು ನನ್ನ ಕ್ಯಾಮೆರಾದ ಮೇಲಿತ್ತು. "ನನಗೂ ಒಂದೀಟು ತೋರ್ಸಲೇ" ಎಂದು ನೀನು ಕೇಳಿದಾಗ ಬಿಚ್ಚಿ ಕೊಡಬಹುದಿತ್ತು. ನಿನ್ನ ಕೈಜಾರಿ ಬಿದ್ದರೆ ಒಡೆದೀತು ಅಂತ — ಥೂ, ಗಾಜು ಒಡೆದೀತು ಅಂತ! — ಚೀಲದಲ್ಲಿದ್ದ ರೆಸಿನ್ ತೆಗೆದುಕೊಟ್ಟೆ. ನೀನು ನೋಡುತ್ತಲೇ ನಿಂತೆ. ಸಾಕು ಅನ್ನಲಿಲ್ಲ ನಾನು.

ಹಾವೇರಿಯ ಕಣ್ಣಿನ ಡಾಕ್ಟರು ಯಾವುದರಲ್ಲಿ ನೋಡಿದಿರಿ ಎಂದಾಗ ನೀನು ನನ್ನ ಕಡೆ ತಿರುಗಿದೆ. "ಸೂರ್ಯನ್ನ ನೋಡೋ ಗಾಜ ಹೌದಿಲ್ಲ, ಮಲ್ಲಣ್ಣ?"

"ಹೌದು. ಗಾಜಿನದೇ."

ಅಷ್ಟೇ. ಹಾಗಾದರೆ ಅದನ್ನು ಸರಿಸಿ ಬರಿಗಣ್ಣಲ್ಲಿ ನೋಡಿರಬೇಕು ಎಂದರು ಅವರು. ನೀನೂ ನಂಬಿದೆ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ಬಣ್ಣ ನೋಡಿ ದರ್ಜೆ ಹೇಳುತ್ತಿದ್ದವನು ಈಗ ತಲೆ ವಾರೆ ಮಾಡಿ ಒಂದೇ ಕಣ್ಣಲ್ಲಿ ಆರಿಸುತ್ತೀ. ಯಾರಾದರೂ ಕೇಳಿದರೆ "ತಪ್ಪು ನಂದ ಐತ್ರಿ" ಅನ್ನುತ್ತೀ. ನಾನು ಪಕ್ಕದಲ್ಲೇ ನಿಂತು ಚಹಾ ಕುಡಿಯುತ್ತೇನೆ.

ನಿನ್ನೆ ರಾಣೆಬೆನ್ನೂರಿಗೆ ಬಂದವನು ನನ್ನ ಸ್ಟುಡಿಯೋದ ಕಪಾಟಿನಿಂದ ನೀನೇ ಅದೇ ರೆಸಿನ್ ಫಿಲ್ಟರನ್ನು ಎತ್ತಿಕೊಂಡೆ. "ನಾಳಿದ್ದ ಗ್ರಹಣ ಐತಲ್ಲ, ನಮ್ಮ ನಾಜಿಯಾ ನೋಡ್ತೇನಿ ಅಂತ ಹಟಾ ಹಿಡದಾಳ. ಇದ ಹೌದಲ್ಲ ಆ ಗಾಜು?" ಅಲ್ಲ ಎಂದರೆ ಅವತ್ತಿನದನ್ನೂ ಬಿಚ್ಚಿ ಹೇಳಬೇಕಲ್ಲ — ಬಾಯಿಂದ "ಹೂಂ" ಬಂತು. ನಿನ್ನ ಮಗಳ ಕಣ್ಣು ಎಂದು ಗೊತ್ತಿದ್ದೂ. ಎಂಥ ಹೇಡಿ ನಾನು.

ಇವತ್ತು ಮುಂಜಾನೆ ಧೈರ್ಯ ಮಾಡಿ ನಿನ್ನ ಮನೆಗೆ ಫೋನ್ ಹಚ್ಚಿದೆ. ನಾಜಿಯಾ ಎತ್ತಿದಳು. "ಅಬ್ಬಾ ಪ್ಯಾಟಿಗೆ ಹೋಗ್ಯಾರ ಚಾಚಾ. ನಾ ಈಗ ಅದರಾಗ ಸೂರ್ಯನ್ನ ನೋಡಾಕತ್ತಿದ್ದೆ. ಭಾಳ ಛಂದ ಕಾಣ್ತಾನ!"

ಕೆಳಗಿಡು ಎಂದು ಚೀರಿದೆ. ಎಷ್ಟು ಹೊತ್ತು ನೋಡಿದಳೋ — ಕೇಳದೆಯೇ ಬಸ್ ನಿಲ್ದಾಣಕ್ಕೆ ಓಡಿದೆ. ನೀನು ಫೋನ್ ಎತ್ತುತ್ತಿಲ್ಲ. ಬ್ಯಾಡಗಿ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಇದನ್ನು ಬರೆದು ಕಳಿಸುತ್ತಿದ್ದೇನೆ. ಡಾಕ್ಟರಿಗೆ ನಿಜವನ್ನು ನಾನೇ ಹೇಳುತ್ತೇನೆ. ನನ್ನನ್ನು ಆಮೇಲೆ ಏನು ಬೇಕಾದರೂ ಮಾಡು, ಮೊದಲು ಮನೆಗೆ ಓಡು. ಅವಳಿಗೆ ಒಂದೊಂದೇ ಕಣ್ಣು ಮುಚ್ಚಿಸಿ, ನಿನ್ನ ಮುಖ ಪೂರ್ತಿ ಕಾಣುತ್ತದೆಯೇ ಎಂದು ಕೇಳು.