ಪರ್ಮಿಟ್ ಬಂದ ದಿನದ ಮಡಿಲಕ್ಕಿ

ಹೋದ ವರ್ಷ ಅವರೆಕಾಯಿ ಕಾಲದ ಒಂದು ಬೆಳಗ್ಗೆ. ಹಾಲು ಕಾಯಿಸಿ, ಬಾಗಿಲಿಗೆ ನೀರು ಹಾಕಿ, ನಮ್ಮ ಯಜಮಾನರಿಗೆ ಕಾಫಿ ಕೊಟ್ಟು, ರಾತ್ರಿ ನೆನೆಹಾಕಿದ್ದ ಅವರೆಕಾಳನ್ನು ಹಿತಕಲು ಕೂತಿದ್ದೆ. ಹಾಸನದ ಚಳಿಗೆ ನೀರಿನಲ್ಲಿದ್ದ ಕಾಳು ಮಂಜುಗಡ್ಡೆಯ ಹಾಗೆ ಕೊರೆಯುತ್ತಿತ್ತು. ಸಿಪ್ಪೆಯಿಂದ ಚಿಮ್ಮಿದ ಬೇಳೆಯೊಂದು ಫೋನಿನ ಮೇಲೆ ಬಿತ್ತು. ಅದೇ ಹೊತ್ತಿಗೆ ಫೋನ್ ಹೊಡೆದುಕೊಂಡಿತು. ಬೆರಳೆಲ್ಲ ಜಿಡ್ಡಾಗಿದ್ದರಿಂದ ಬೆರಳ ಗೆಣ್ಣಿನಲ್ಲೇ ಸ್ಪೀಕರ್ ಒತ್ತಿದೆ.

"ಆಂಟಿ, ಬಂತು" ಎಂದಳು ಪವಿತ್ರ, ಕೆನಡಾದಿಂದ.

ಏನು ಬಂತು ಎಂದು ನಾನು ಕೇಳಲಿಲ್ಲ. ತಿಂಗಳುಗಟ್ಟಲೆಯಿಂದ ನಾವಿಬ್ಬರೂ ಕಾಯುತ್ತಿದ್ದುದು ಒಂದೇ, ಅವಳ ವರ್ಕ್ ಪರ್ಮಿಟ್ಟು.

ನನ್ನದು ಸಂಬಳದ ಕೆಲಸವಲ್ಲ. ನಾನು ಗೃಹಿಣಿ. ಆದರೆ ಕಾನ್ವೆಂಟಿನಲ್ಲಿ ಓದಿದವಳೆಂದು ಬೀದಿಯವರು ಇಂಗ್ಲಿಷಿನ ಕಾಗದಗಳನ್ನು ನನ್ನ ಊಟದ ಮೇಜಿಗೆ ತರುವುದು ಹತ್ತಾರು ವರ್ಷಗಳಿಂದ ನಡೆದುಬಂದಿದೆ. ಮೊದಮೊದಲು ಬ್ಯಾಂಕಿನ ಪತ್ರಗಳು, ಆಮೇಲೆ ಪಾಸ್‌ಪೋರ್ಟು, ಈಗೀಗ ವೀಸಾ. ಅರಕಲಗೂಡು, ಹಿರೀಸಾವೆ ಕಡೆಯಿಂದಲೂ ಬರುತ್ತಾರೆ. ನಾನು ಏಜೆಂಟ್ ಅಲ್ಲ, ಅವರ ಅರ್ಜಿಯನ್ನು ಅವರೇ ಹಾಕುತ್ತಾರೆ. ನಾನು ನಿಯಮಗಳನ್ನು ಓದಿ ಕನ್ನಡದಲ್ಲಿ ಹೇಳುತ್ತೇನೆ, ವಾಕ್ಯ ತಿದ್ದುತ್ತೇನೆ. ಯಾವ ಕಾಗದವನ್ನಾದರೂ ಕೊನೆಯ ಸಾಲಿನವರೆಗೆ ಓದಬೇಕೆಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಆ ಅಭ್ಯಾಸವೇ ನನ್ನ ಬಂಡವಾಳ.

ಪವಿತ್ರ ಹೊಳೆನರಸೀಪುರದ ಹಿಟ್ಟಿನ ಗಿರಣಿ ಮನೆಯ ಮಗಳು. ಹಾಸನದಲ್ಲಿ ನರ್ಸಿಂಗ್ ಓದುವಾಗ ಸಂಜೆ ಇಂಗ್ಲಿಷ್ ಕಲಿಯಲು ನಮ್ಮ ಮನೆಗೆ ಬರುತ್ತಿದ್ದಳು. ಚನ್ನರಾಯಪಟ್ಟಣಕ್ಕೆ ಮದುವೆಯಾಗಿ, ಗಂಡ ಹೆಂಡತಿ ಇಬ್ಬರೂ ಕೆನಡಾ ಸೇರಿದರು. ಅಲ್ಲೊಂದು ಕೋರ್ಸ್ ಮುಗಿಸಿ, ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಕೆಲಸಕ್ಕೆ ನಿಂತಳು. ಗಂಡನಿಗೆ ಇನ್ನೂ ನೆಟ್ಟಗೆ ಕೆಲಸ ಸಿಕ್ಕಿರಲಿಲ್ಲ. ಮನೆ ನಡೆಯುತ್ತಿದ್ದುದು ಇವಳ ದುಡಿಮೆಯಿಂದ.

ಅಲ್ಲೇ ಕಾಯಂ ನೆಲೆಸುವ ಅನುಮತಿಗೆ ಪಿ.ಆರ್. ಅನ್ನುತ್ತಾರೆ. ಅದಕ್ಕೆ ಅರ್ಜಿ ಹಾಕಿ ಕಾಯುವಾಗಲೇ ಇವಳ ಹಳೆಯ ವರ್ಕ್ ಪರ್ಮಿಟ್ ಮುಗಿಯುತ್ತ ಬಂತು. ಅಂಥವರು ನಡುವಿನ ಸೇತುವೆಯ ಹಾಗೆ ಇನ್ನೊಂದು ಪರ್ಮಿಟ್ ಕೇಳಬಹುದು. ಅವಧಿ ಮುಗಿಯುವ ಮೊದಲೇ ಕೇಳಿದ್ದರೆ, ಉತ್ತರ ಬರುವ ತನಕ ಕೆಲಸದಲ್ಲಿ ಮುಂದುವರಿಯಬಹುದು. ಆದರೆ ಆ ನಿಯಮಕ್ಕೊಂದು ಬಾಲವಿತ್ತು. ಉತ್ತರ ಬರುವ ಮೊದಲು ದೇಶ ಬಿಟ್ಟು ಹೊರಗೆ ಬಂದರೆ ಆ ಅನುಕೂಲ ತಪ್ಪಿಹೋಗುತ್ತದೆ. ಒಳಗೆ ಬಿಟ್ಟುಕೊಂಡರೂ ಕೆಲಸಕ್ಕೆ ಹೋಗುವ ಹಾಗಿಲ್ಲ. ಆ ಸಾಲನ್ನು ಪವಿತ್ರಳಿಗೂ ಅವಳ ಮನೆಯವರಿಗೂ ಓದಿ ಹೇಳಿದವಳು ನಾನೇ.

ಅದನ್ನು ಎಲ್ಲರಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡವರು ಅವಳ ತಾಯಿ ಗಂಗಮ್ಮ.

ದೀಪಾವಳಿಗೆ ಮುಂಚೆ ಗಂಗಮ್ಮನಿಗೆ ಹೊಟ್ಟೆನೋವು ಶುರುವಾಗಿ, ಹಾಸನದ ಆಸ್ಪತ್ರೆಗೆ ಕರೆತಂದರು. ಪಿತ್ತಕೋಶದ ಹತ್ತಿರ ಗಡ್ಡೆ, ಕೈಮೀರಿದೆ ಎಂದರು ಡಾಕ್ಟರು. ನಾನು ಗಂಜಿ ತೆಗೆದುಕೊಂಡು ಹೋದಾಗ ಗಂಗಮ್ಮ ಸೊಸೆ ಸವಿತಾಳನ್ನು ಹೊರಗೆ ಕಳಿಸಿ ನನ್ನ ಕೈ ಹಿಡಿದುಕೊಂಡರು. ಮಗಳನ್ನು ಅವರು ಕರೆಯುತ್ತಿದ್ದುದು ಅಮ್ಮಿ ಎಂದೇ.

"ಮೇಡಮ್ಮ, ನಮ್ಮ ಅಮ್ಮಿಗೆ ಏಳ್ಬ್ಯಾಡಿ. ಗೊತ್ತಾದ್ರೆ ಎಲ್ಲಾ ಬುಟ್ಟು ಓಡ್ಬಂದ್ಬುಡ್ತಾಳೆ. ಆಮೇಲೆ ಅವ್ಳ ಕೆಲ್ಸದ ಗತಿ? ನೀವೇ ಓದಿದ್ರಲ್ಲ, ಈಚೆಗೆ ಬಂದ್ರೆ ಓಯ್ತು ಅಂತ."

"ಹಾಗಲ್ಲ ಗಂಗಮ್ಮ, ಅವಳಿಗೂ ಮನಸ್ಸಿದೆ..."

"ಅವ್ಳ್ ಮನಸು ನಂಗೊತ್ತು. ಅದ್ಕೇ ಏಳ್ತಿರೋದು."

ನಾನು ಹೇಳಲಿಲ್ಲ. ಹೇಳಬೇಕಿತ್ತೋ ಬಾರದಿತ್ತೋ, ತಾಯಿ ಕೇಳಿಕೊಂಡ ಮೇಲೆ ಅದು ನನ್ನ ಕೈಯಲ್ಲಿರಲಿಲ್ಲ.

ಅವರನ್ನು ಊರಿಗೆ ಕರೆದೊಯ್ದ ಮೇಲೆ, ಭಾನುವಾರಗಳ ವಿಡಿಯೋ ಕಾಲ್‌ಗೆ ಆ ಮನೆಯಲ್ಲಿ ದೊಡ್ಡ ತಯಾರಿಯೇ ನಡೆಯುತ್ತಿತ್ತು. ಸವಿತಾ ಅತ್ತೆಯ ತಲೆ ಬಾಚಿ, ಹೂ ಮುಡಿಸಿ, ಬೆನ್ನಿಗೆ ಎರಡು ದಿಂಬು ಕೊಟ್ಟು, ಕುತ್ತಿಗೆಯಿಂದ ಮೇಲಷ್ಟೇ ಕಾಣುವಂತೆ ಫೋನ್ ಹಿಡಿಯುತ್ತಿದ್ದಳು. ಕಾಮಾಲೆಗೆ ಮೈ ಹಳದಿಯಾದಾಗ ಗಂಗಮ್ಮನೇ ಉಪಾಯ ಹುಡುಕಿದರು. ಕೆನ್ನೆ ತುಂಬ ಅರಿಶಿನ ಬಳಿದುಕೊಂಡು, ದೊಡ್ಡ ಕುಂಕುಮ ಇಟ್ಟುಕೊಂಡು ಕೂತರು.

"ಏನವ್ವ, ಇವತ್ತು ಹಬ್ಬ?" ಎಂದು ಮಗಳು ಕೇಳಿದಳಂತೆ.

"ಯಾಕೆ, ಹಬ್ಬ ಇದ್ರೇನೇ ಮುಖಕ್ಕೆ ಅರಿಶಿನ ಆಕ್ಕೋಬೇಕಾ? ನಿನ್ನಂಗೆ ಬರೀ ಮುಖ ಬುಟ್ಕಂಡ್ ಕೂತ್ಕೊಬೇಕಾ?"

ಇದನ್ನು ಸವಿತಾ ನನಗೆ ಹೇಳುವಾಗ ನಗುತ್ತಲೇ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಪರ್ಮಿಟ್ ಬಂದ ಆ ಬೆಳಗ್ಗೆ ಹಿತಕುವುದನ್ನು ಅರ್ಧಕ್ಕೇ ಬಿಟ್ಟು, ಉಳಿದ ಕಾಳನ್ನು ಪಕ್ಕದ ಮನೆಯ ಲಲಿತಮ್ಮನವರಿಗೆ ಒಪ್ಪಿಸಿ, ಹೊಳೆನರಸೀಪುರದ ಬಸ್ಸು ಹತ್ತಿದೆ. ಸಿಹಿ ಸುದ್ದಿಯನ್ನು ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ.

ಗಿರಣಿ ನಡೆಯುತ್ತಿತ್ತು. ಹಜಾರದ ಗೋಡೆಯ ಕ್ಯಾಲೆಂಡರ್ ಕೂಡ ಅದರ ಸದ್ದಿಗೆ ಸಣ್ಣಗೆ ನಡುಗುತ್ತಿತ್ತು. ಗಂಗಮ್ಮ ಗೋಡೆಗೆ ಒರಗಿ ಮಲಗಿದ್ದರು. ಬಳೆಗಳು ಮೊಣಕೈವರೆಗೆ ಜಾರಿದ್ದವು.

"ಪವಿತ್ರಂಗೆ ವರ್ಕ್ ಪರ್ಮಿಟ್ ಬಂತು ಗಂಗಮ್ಮ."

"ಅಂದ್ರೆ ಕೆಲ್ಸ ಗಟ್ಟಿ ಆಯ್ತಾ?"

"ಆಯ್ತು."

"ಇನ್ಮೇಲೆ ಬರ್ಬೋದಾ?"

ಪರ್ಮಿಟ್ಟು ಅಲ್ಲಿ ದುಡಿಯಲು ಮಾತ್ರ. ಊರಿಗೆ ಬಂದವಳು ಮತ್ತೆ ಒಳಗೆ ಹೋಗಬೇಕಾದರೆ ಪಾಸ್‌ಪೋರ್ಟಿಗೆ ಹೊಸ ವೀಸಾ ಅಂಟಬೇಕು. ಅದಕ್ಕೆ ಬೇರೆ ಅರ್ಜಿ, ಪಾಸ್‌ಪೋರ್ಟನ್ನೂ ಕಳಿಸಿಕೊಡಬೇಕು. ಅದಕ್ಕೆ ಕೆಲವು ವಾರಗಳೇ ಹಿಡಿಯುತ್ತವೆ ಎಂದೆ.

ಗಂಗಮ್ಮ ಕ್ಯಾಲೆಂಡರಿನ ಕಡೆ ನೋಡಿದರು. ಆಮೇಲೆ ಸೊಸೆಯನ್ನು ಕೂಗಿದರು. "ಸವಿತಾ, ಮೊರದಲ್ಲಿ ಅಕ್ಕಿ ತಕ್ಕಬಾ. ಕೊಬ್ರಿ, ಬೆಲ್ಲ, ಎಲೆಅಡ್ಕೆ, ಅರಿಶಿನದ ಕೊಂಬು. ಟ್ರಂಕಿನಾಗೆ ಅಸುರು ರವಿಕೆ ಕಣ ಐತಲ್ಲ, ಅದ್ನೂ ತಾ. ಅಮ್ಮಿಗೆ ಫೋನ್ ಮಾಡು."

ಅಲ್ಲಿ ನಟ್ಟಿರುಳು. ಪವಿತ್ರಳಿಗೆ ರಾತ್ರಿ ಪಾಳಿ, ಊಟದ ಬಿಡುವು. ನೀಲಿ ಸಮವಸ್ತ್ರದಲ್ಲಿ, ಯಾವುದೋ ಕಪಾಟಿಗೆ ಫೋನ್ ಒರಗಿಸಿ ಕೂತಿದ್ದಳು.

"ಮಡಿಲು ಒಡ್ಡೇ ಅಮ್ಮಿ. ನಿನ್ನ ಬದ್ಲು ಮೇಡಮ್ಮ ಇಸ್ಕತಾರೆ. ನೀನೂ ಒಡ್ಡು."

ನಾನು ಗಂಗಮ್ಮನ ಮುಂದೆ ಕೂತು ಸೆರಗು ಹರಡಿದೆ. ಫೋನಿನಲ್ಲಿ ಪವಿತ್ರ ತೊಟ್ಟಿದ್ದ ಅಂಗಿಯ ಅಂಚನ್ನೇ ಎರಡೂ ಕೈಯಲ್ಲಿ ಹಿಡಿದು ಒಡ್ಡಿದಳು.

"ಅದೇನೇ ಅದು, ಅಂಗಿ ಇಡ್ಕಂಡಿದೀಯ? ಆ ಊರಲ್ಲಿ ಸೀರೆಗೆ ಗತಿ ಇಲ್ವಾ?"

"ಸೀರೆ ಉಟ್ಕಂಡು ಅಜ್ಜೀರ್ನ ಎತ್ತಿ ಕೂರ್ಸಕ್ಕಾಗಲ್ಲ ಕಣವ್ವ."

"ಯಾರ್ಯಾರ್ದೋ ಅಜ್ಜೀರ್ನ ಎತ್ತು. ಒಳ್ಳೇದಾಗ್ಲಿ."

ಸವಿತಾ ಮೊರ ಹಿಡಿದಳು. ಗಂಗಮ್ಮ ಬೊಗಸೆ ಅಕ್ಕಿ ಎತ್ತಿದರು. ಅರ್ಧ ನೆಲಕ್ಕೆ ಚೆಲ್ಲಿತು, ಉಳಿದರ್ಧ ನನ್ನ ಸೆರಗಿಗೆ ಬಿತ್ತು. ವಾಡಿಕೆಯಂತೆ ಅದರಲ್ಲಿ ಒಂದೊಂದು ಹಿಡಿಯನ್ನು ಮೂರು ಸಲ ಅವರಿಗೇ ಹಿಂತಿರುಗಿಸಿದೆ, ತವರು ತುಂಬಿರಲಿ ಎಂದು. ಫೋನಿನ ಆಚೆಯವಳು ಖಾಲಿ ಅಂಗಿಯಿಂದ ಮೂರು ಸಲ ಏನೋ ಎತ್ತಿ ಕೊಡುವ ಹಾಗೆ ಕೈ ಮಾಡಿದಳು. ಆ ಹೊತ್ತಿಗೆ ಗಿರಣಿಯ ಬೆಲ್ಟು ನಿಂತಿತು.

ಆಗ ಹೊಳೆಯಿತು ನನಗೆ. ನಮ್ಮ ಕಡೆ ಮಡಿಲು ತುಂಬುವುದು ತವರಿನಿಂದ ಹೊರಡುವ ಮಗಳಿಗೆ. ಇಲ್ಲಿ ಮಗಳು ಬಂದೂ ಇರಲಿಲ್ಲ, ಹೊರಟೂ ಇರಲಿಲ್ಲ. ಹೊರಟಿದ್ದವರು ತಾಯಿ. ಅಷ್ಟು ದಿನ ಅರಿಶಿನದ ಹಿಂದೆ ಬಚ್ಚಿಟ್ಟಿದ್ದನ್ನು ಗಂಗಮ್ಮ ತಮ್ಮ ಕೈಯಾರೆ ಹೊರಗೆ ಹಾಕಿದ್ದರು. ಪವಿತ್ರ ಏನೂ ಕೇಳಲಿಲ್ಲ. "ಬತ್ತೀನಿ ಕಣವ್ವ" ಎಂದು ಫೋನ್ ಇಟ್ಟಳು. ಹೊರಡುವ ಹೆಣ್ಣುಮಕ್ಕಳು ಹೇಳುವ ಮಾತು ಅದು.

ಹಿಂದಿರುಗುವ ಬಸ್ಸಿನಲ್ಲಿ, ಮಡಿಲಕ್ಕಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ ಅವಳ ಧ್ವನಿ ಸಂದೇಶ ಬಂತು. "ಆಂಟಿ, ನಂಗೆ ದೀಪಾವಳಿಯಿಂದಾನೇ ಗೊತ್ತು. ಕೆನ್ನೆಗೆ ಅರಿಶಿನ ಹಚ್ಕೋಬಹುದು, ಕಣ್ಣಿಗೆ ಹಚ್ಕೊಳಕ್ಕಾಗಲ್ವಲ್ಲ. ಅಂಥ ಕಣ್ಣನ್ನ ದಿನಾ ನೋಡೋ ಕೆಲಸ ನಂದು. ನಾನು ಬಂದ್ಬಿಟ್ರೆ ಅವ್ವ ತನ್ನಿಂದ ಕೆಲಸ ಹೋಯ್ತು ಅಂತ ಕೊರಗಿಕೊಂಡೇ ಹೋಗ್ತಾಳೆ. ನಂಗೆ ಗೊತ್ತು ಅಂತ ಮಾತ್ರ ಅವಳಿಗೆ ಹೇಳ್ಬೇಡಿ." ತಾಯಿ ಹೇಳಿದ್ದೂ ಅದೇ, ಮಗಳು ಹೇಳಿದ್ದೂ ಅದೇ. ಕಿಟಕಿಯ ಕಡೆ ಮುಖ ಮಾಡಿಕೊಂಡೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ನೀರಿನ ಬಾಟಲಿಯನ್ನು ನನ್ನತ್ತ ಚಾಚಿದಳು.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಪವಿತ್ರ ಮಾರನೆಯ ದಿನವೇ ವೀಸಾಕ್ಕೆ ಅರ್ಜಿ ಹಾಕಿದಳು. ಅವಳ ಪಾಸ್‌ಪೋರ್ಟ್ ಆ ಕಚೇರಿಯಲ್ಲಿದ್ದಾಗಲೇ ಗಂಗಮ್ಮ ತೀರಿಕೊಂಡರು. ಮಣ್ಣಿಗೆ ಬಂದ ನೆಂಟರು ಮಗಳನ್ನು ಅಂದರು, ಆಡಿಕೊಂಡರು. ಸವಿತಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಪವಿತ್ರ ಇನ್ನೂ ಊರಿಗೆ ಬಂದಿಲ್ಲ. ಅವ್ವನಿಲ್ಲದ ಮನೆಗೆ ಪಿ.ಆರ್. ಬಂದ ಮೇಲೇ ಬರುತ್ತೇನೆ ಎನ್ನುತ್ತಾಳೆ. ಅದು ಇನ್ನೂ ಬಂದಿಲ್ಲ. ಮಡಿಲಕ್ಕಿಯನ್ನು ಗಂಡನ ಮನೆಯಲ್ಲಿ ಅವಳೇ ಬೇಯಿಸಿ ಉಣ್ಣಬೇಕು, ಇನ್ನೊಬ್ಬರು ಮುಟ್ಟುವಂತಿಲ್ಲ. ನಮ್ಮ ಮನೆಯ ಸ್ಟೀಲ್ ಡಬ್ಬಿಯಲ್ಲಿ ಹಾಗೇ ಇದೆ. ಹುಳ ಬಿದ್ದಾಗೆಲ್ಲ ಬಿಸಿಲಿಗೆ ಹರಡಿ, ಆರಿಸಿ, ಮತ್ತೆ ತುಂಬಿಡುತ್ತೇನೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಕಾಯುವವರ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಯಾವ ಅರ್ಜಿಯ ಯಾವ ಕಾಲಮ್ಮೂ ಕೇಳುವುದಿಲ್ಲ. ಹಾಗಾಗಿ ಈಗ ಯಾರು ಬಂದರೂ ಪಾಸ್‌ಪೋರ್ಟ್ ತೆಗೆಯಿರಿ ಎನ್ನುವ ಮೊದಲು, ಮನೆಯಲ್ಲಿ ಅಪ್ಪ ಅಮ್ಮ ಹೇಗಿದ್ದಾರೆ ಎಂದು ನಾನೇ ಕೇಳುತ್ತೇನೆ. ಕೆಲವರು ಆಗಲೇ ಮುಖ ತಗ್ಗಿಸುತ್ತಾರೆ.

ಪರ್ಮಿಟ್ ಬಂದ ದಿನದ ಆ ಸಂಜೆ ನಾನು ಮನೆಗೆ ಬಂದು ಗಂಟನ್ನು ಮೇಜಿನ ಮೇಲಿಟ್ಟಿದ್ದೆನಷ್ಟೆ. ಲಲಿತಮ್ಮ ತಮ್ಮ ಜೈನರ ಮನೆಯ ಪದ್ಧತಿಯಂತೆ ಹೊತ್ತು ಮುಳುಗುವ ಮುಂಚೆಯೇ ಊಟ ಮುಗಿಸಿ, ಹಿತಕಿದ ಬೇಳೆಯ ಪಾತ್ರೆ ಹಿಡಿದುಕೊಂಡು ಬಂದರು.

"ಏನ್ರೀ ಇದು, ಯಾರ್ ಮಡಿಲಕ್ಕಿ?"

"ಪವಿತ್ರಂದು. ಅವಳು ಬಂದಾಗ ಕೊಡಬೇಕು."

"ಪರ್ಮಿಟ್ ಬಂತಲ್ರೀ, ಇನ್ನೇನು, ಬಂದೇ ಬರ್ತಾಳೆ" ಎಂದರು ಲಲಿತಮ್ಮ, ಬೇಳೆಯಲ್ಲಿ ಉಳಿದಿದ್ದ ಒಂದು ಸಿಪ್ಪೆಯನ್ನು ಆರಿಸಿ ಎಸೆಯುತ್ತ. "ಅಷ್ಟರೊಳಗೆ ಅಕ್ಕಿಗೇನೂ ಹುಳ ಬೀಳಲ್ಲ ಬಿಡಿ."