ಉಪ್ಪು ಕಡಿಮಿ ಮಾಡ್ರಿ ಅಂದ ಸಿಸ್ಟರ್

ಅವರ ಸೀರೆಯ ಅಂಚು ಗೇಣುದ್ದ ಕೆಂಪಾಗಿರುತ್ತಿತ್ತು. ನಾರಾಯಣಖೇಡದ ಬಸ್ಸು ಇಳಿದು ತೆಲಂಗಾಣ ಗಡಿಯ ನಮ್ಮೂರಿಗೆ ನಡೆದು ಬರುವ ದಾರಿಯ ಮಣ್ಣು ಅದು. ಎಷ್ಟು ಒಗೆದರೂ ಹೋಗದೆ, ನೇಯುವಾಗಲೇ ಹಾಕಿದ ಬಣ್ಣದ ಹಾಗೆ ಕುಳಿತುಬಿಟ್ಟಿತ್ತು. ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಮಾವನವರ ತೋಳಿಗೆ ಪಟ್ಟಿ ಸುತ್ತಿ, ಬಿ.ಪಿ. ಯಂತ್ರದ ರಬ್ಬರ್ ಉಂಡೆ ಒತ್ತುವಾಗ ಕೆಳದುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿಯುತ್ತಿದ್ದರು. ಗಾಳಿ ಬಿಟ್ಟ ಮೇಲೆ ತುಟಿಯನ್ನೂ ಬಿಟ್ಟು, "ಹೆಚ್ಚಾಗ್ಯದ್ರಿ. ಉಪ್ಪು ಕಡಿಮಿ ಮಾಡ್ರಿ" ಅನ್ನುತ್ತಿದ್ದರು.

ಸರ್ಕಾರಿ ದವಾಖಾನೆಯ ನರ್ಸ್ ಅವರು. ಊರಿಗೆಲ್ಲ ಸಿಸ್ಟರ್. ನಮ್ಮಂಥ ಮನೆಗಳಲ್ಲಿ ಕನ್ನಡ, ಮುಂದಿನ ಓಣಿಯಲ್ಲಿ ತೆಲುಗು, ಕಿರಾಣಿ ಅಂಗಡಿಯ ಮನೆಯಲ್ಲಿ ಉರ್ದು. ಭಾಷೆ ಬದಲಾದರೂ ಹೇಳುವ ಮಾತು ಬದಲಾಗುತ್ತಿರಲಿಲ್ಲ. ಕೇಳಿದವರು ತಲೆಯಾಡಿಸಿ, ಅವರು ಓಣಿ ದಾಟುವುದರೊಳಗೆ ಮರೆಯುತ್ತಿದ್ದರು.

ಮರೆಯದೆ ಏನು ಮಾಡುತ್ತಾರೆ? ನಾನು ಸೊಸೆಯಾಗಿ ಬಂದ ಆ ಮನೆಯಲ್ಲಿ ತಾಟಿಗೆ ಮೊದಲು ಬೀಳುವುದೇ ಉಪ್ಪು. ಎಡಮೂಲೆಯಲ್ಲಿ ಒಂದು ಚಿಟಿಕೆ ಇಡದೆ ರೊಟ್ಟಿ ಬಡಿಸುವಂತಿರಲಿಲ್ಲ. ಮಾವನವರಿಗೆ ಚಿಟಿಕೆ ಸಾಲದು, ಸಣ್ಣ ಗುಪ್ಪೆಯೇ ಬೇಕು. ಹಸಿಮೆಣಸಿನಕಾಯಿಯನ್ನು ಹರಳುಪ್ಪಿಗೆ ಒತ್ತಿ ಕಚ್ಚಿ, ಮೇಲೆ ಜೋಳದ ರೊಟ್ಟಿಯ ತುಣುಕು ಹಾಕಿಕೊಳ್ಳುತ್ತಿದ್ದರು. ಪುಡಿ ಉಪ್ಪನ್ನು ಅವರು ಉಪ್ಪೆಂದು ಒಪ್ಪುತ್ತಲೇ ಇರಲಿಲ್ಲ; "ಅದು ಪೌಡರ್ ಅದ, ಮಾರಿಗಿ ಹಚ್ಕೋರಿ" ಅನ್ನುತ್ತಿದ್ದರು. ಮಾವನವರ ಅಕ್ಕ, ನಾವು ದೊಡ್ಡತ್ತೆ ಎನ್ನುವವರು, ದೀಪ ಹಚ್ಚಿದ ಮೇಲೆ ಉಪ್ಪು ಎಂಬ ಶಬ್ದವನ್ನೇ ಆಡುತ್ತಿರಲಿಲ್ಲ. ಬೇಕಾದರೆ ಡಬ್ಬಿಯ ಕಡೆ ಗದ್ದ ತೋರಿಸುತ್ತಿದ್ದರು. ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆಂದು ನಾನು ಅದನ್ನು ನೆಲಕ್ಕಿಡಬೇಕು, ಅವರು ಎತ್ತಿಕೊಳ್ಳಬೇಕು. ಬೀಗರು ಊಟಕ್ಕೆ ಕುಳಿತಾಗ ಮೇಲುಪ್ಪು ಕೇಳಿದರೆ ಅಡುಗೆ ಮಾಡಿದವಳ ಮುಖ ಸಣ್ಣದಾಗುತ್ತಿತ್ತು. ಆ ಭಯಕ್ಕೇ ನಾವೆಲ್ಲ ಒಂದು ಕೈ ಹೆಚ್ಚೇ ಹಾಕುತ್ತಿದ್ದೆವು.

ಸಿಸ್ಟರ್ ಬಂದಾಗ ಚಹಾ ಕೊಡುವ ರೂಢಿಯಿತ್ತು. ಕಾಗದದ ಕಪ್ಪಿನಲ್ಲಿ. ನಾವು ಲಿಂಗಾಯತರು, ಅವರು ಕಂಗ್ಟಿ ಕಡೆಯ ಬೌದ್ಧ ಮನೆತನದವರು. ಹಿಂದಿನ ಕಾಲದವರು ಹೊರಗೆ ಬೇರೆ ಲೋಟ ಇಡುತ್ತಿದ್ದರಂತೆ. ಕಾಗದದ ಕಪ್ಪು ಬಂದ ಮೇಲೆ ಅದರ ಅಗತ್ಯ ಉಳಿಯಲಿಲ್ಲ, ಯಾರೂ ಏನೂ ಅನ್ನುವಂತೆಯೂ ಇರಲಿಲ್ಲ. ಅವರು ಚಹಾ ಕುಡಿದು, ಕಪ್ಪನ್ನು ಅಂಗೈಯಲ್ಲಿ ಹಿಚುಕಿ ತಮ್ಮ ಚೀಲಕ್ಕೇ ಹಾಕಿಕೊಂಡು ಹೋಗುತ್ತಿದ್ದರು. ನಮ್ಮ ಅಂಗಳದಲ್ಲಿ ಎಸೆದದ್ದನ್ನು ನಾನು ನೋಡಿಲ್ಲ.

ಮಾವನವರ ಹಟ ಮುರಿದದ್ದು ತಾಂಡೂರಿನಲ್ಲಿ. ಅಲ್ಲಿ ಹಾಸುಗಲ್ಲಿನ ವ್ಯಾಪಾರ ಮಾಡಿಕೊಂಡಿದ್ದ ಅವರ ತಮ್ಮನಿಗೆ ಬಿ.ಪಿ. ಏರಿ ಪಾರ್ಶ್ವವಾಯು ಬಡಿಯಿತು. ಮಾವನವರು ಹೋಗಿ ನೋಡಿಕೊಂಡು ಬಂದರು. ಊಟಕ್ಕೆ ಕುಳಿತು, ತಾಟಿನ ಮೂಲೆಯ ಉಪ್ಪನ್ನು ಬೆರಳಿನಿಂದ ಹೊರಗೆ ಸರಿಸಿದರು.

"ನಾಳಿಂದ ನಂದು ಬ್ಯಾರೆ ಗಡಗಿ ಇಡು. ಒಂದ್ ಹರಳು ಬೀಳಬಾರ್ದು," ಅಂದರು.

ನಾನು ಇಟ್ಟೆ. ಉಪ್ಪಿಲ್ಲದ ಬೇಳೆ, ಉಪ್ಪಿಲ್ಲದ ಪಲ್ಯ, ಉಪ್ಪಿಲ್ಲದ ಮಜ್ಜಿಗೆ. ದವಾಖಾನೆಯ ಬಿ.ಪಿ. ಮಾತ್ರೆಗಳನ್ನು ಮಾತ್ರ ತಪ್ಪದೆ ನುಂಗುತ್ತಿದ್ದರು. ಅದರಲ್ಲಿ ಮೂತ್ರ ಹೆಚ್ಚು ಮಾಡುವ ಮಾತ್ರೆಯೂ ಒಂದು. ಬೇಸಗೆ ಬಂತು. ಕಬ್ಬಿಗೆ ನೀರು ಬಿಡಿಸಲು ದಿನವಿಡೀ ಹೊಲದಲ್ಲಿ ನಿಂತು ಬೆವರು ಹರಿಸುತ್ತಿದ್ದರು, ಬಂದವರು ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದರು. ತಲೆ ಭಾರ ಅನ್ನುತ್ತಿದ್ದರು, ಊಟ ಸೇರುತ್ತಿರಲಿಲ್ಲ. ಬಿಸಿಲಿನದು ಅಂದುಕೊಂಡೆವು.

ಒಂದು ಬೆಳಿಗ್ಗೆ ಅಂಗಿಯ ಗುಂಡಿಗಳನ್ನು ತಪ್ಪು ತಪ್ಪು ಹಾಕಿಕೊಂಡು ಅಂಗಳಕ್ಕೆ ಬಂದು, ಎಂದೋ ಮಾರಿದ ಎತ್ತುಗಳನ್ನು ಕೇಳಿದರು. ನನ್ನನ್ನು "ಯವ್ವಾ" ಎಂದು ಕರೆದರು. ತೀರಿಹೋದ ತಮ್ಮ ತಾಯಿ ಎಂದುಕೊಂಡಿದ್ದರು. ಆಮೇಲೆ ನಿಂತಲ್ಲಿಯೇ ಕುಸಿದರು.

"ಹೊಲದಾಗ ಏನೋ ಬಡಕೊಂಡದ," ಎಂದ ದೊಡ್ಡತ್ತೆ ಹಿಡಿ ಉಪ್ಪು, ಒಣಮೆಣಸಿನಕಾಯಿ ತಂದು ಅವರ ತಲೆಯ ಸುತ್ತ ನಿವಾಳಿಸಿ ಒಲೆಗೆ ಹಾಕಿದರು. ಚಟಪಟ ಸಿಡಿಯಿತು. ಎಷ್ಟೋ ವಾರಗಳಿಂದ ಅವರ ಹತ್ತಿರ ಬಂದ ಉಪ್ಪು ಅದೊಂದೇ.

ನಾನು ಸಿಸ್ಟರ್‌ಗೆ ಫೋನ್ ಮಾಡಿದೆ. ಪಕ್ಕದ ಊರಿನಲ್ಲಿದ್ದವರು ಯಾರದೋ ಮೋಟಾರ್ ಸೈಕಲ್ ಏರಿ ಬಂದರು. ಕಣ್ಣು, ನಾಲಿಗೆ, ಬಿ.ಪಿ. ನೋಡಿದರು. ನಂತರ ನನ್ನ ಕಡೆ ತಿರುಗಿದರು.

"ಉಪ್ಪು ಎಷ್ಟ್ ತಿಂತಾರ?"

"ತಿನ್ನಂಗೇ ಇಲ್ರಿ. ನೀವೇ ಹೇಳೀರಲಾ. ಪೂರಾ ಬಿಟ್ಟಾರ."

ಅವರ ಕೈಯಲ್ಲಿದ್ದ ಪಟ್ಟಿ ಹಾಗೇ ಉಳಿಯಿತು. "ಪೂರಾ?" ಅಂದರು. ಮತ್ತೇನೂ ಕೇಳದೆ ಗಾಡಿ ತರಿಸಿ, ಜಹೀರಾಬಾದಿನ ಆಸ್ಪತ್ರೆಯ ತನಕ ಮಾವನವರ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಬಂದರು. ಅಲ್ಲಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಸಿಸ್ಟರ್ ಅನುಮಾನಿಸಿದ್ದನ್ನೇ ಹೇಳಿದರು: ಮೈಯೊಳಗಿನ ಉಪ್ಪು ಇಳಿದುಹೋಗಿದೆ, ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು. ಹನಿ ಹನಿಯಾಗಿ ಉಪ್ಪುನೀರು ಏರಿಸಿದರು. ವಾರದೊಳಗೆ ಮಾವನವರು ನನ್ನನ್ನು ಸೊಸೆ ಎಂದು ಗುರುತಿಸಿ, ಚಹಾದಲ್ಲಿ ಸಕ್ಕರೆ ಕಡಿಮೆಯಾಗಿದೆ ಎಂದು ಬೈದರು.

ಆದರೆ ಊರಿನಲ್ಲಿ ಮಾತು ಬೇರೆಯೇ ಆಗಿತ್ತು. ಸಿಸ್ಟರ್ ಮಾತು ಕೇಳಿ ಮುದುಕ ಸಾಯುತ್ತಿದ್ದ ಎಂದು ಬಾವಿಕಟ್ಟೆಯಿಂದ ಬಸ್‌ಸ್ಟ್ಯಾಂಡಿನವರೆಗೆ ಹಬ್ಬಿತು. ಕೆಲವರು ಬಿ.ಪಿ. ಮಾತ್ರೆ ನುಂಗುವುದನ್ನೇ ಬಿಟ್ಟರು. ನನ್ನ ಗಂಡ ಮೇಲಿನವರಿಗೆ ದೂರು ಕೊಡುವುದೆಂದು ನಿಶ್ಚಯಿಸಿದ್ದರು.

ಅವರು ದೂರು ಕೊಡಲು ಹೊರಡುವ ಮೊದಲೇ, ಮಾವನವರು ಮನೆಗೆ ಬಂದ ಮರುದಿನ ಮಧ್ಯಾಹ್ನ ಸಿಸ್ಟರ್ ತಾವಾಗಿಯೇ ಬಂದರು. ಬಾರದೆ ಇರಬಹುದಿತ್ತು. ಎಂದಿನ ಕಟ್ಟೆಯ ಮೇಲೆ ಕುಳಿತು ಎಂದಿನಂತೆ ಪಟ್ಟಿ ಸುತ್ತಿದರು. ನನ್ನ ಗಂಡ ಬಾಗಿಲಲ್ಲೇ ನಿಂತು ಕೇಳಿದರು:

"ಈಗ ಏನ್ ಹೇಳ್ತೀರಿ? ಉಪ್ಪು ಬಿಡ್ಬೇಕೋ, ತಿನ್ಬೇಕೋ?"

"ತಪ್ಪು ನಂದೂ ಅದ್ರಿ," ಅಂದರು ಸಿಸ್ಟರ್. "ಕಡಿಮಿ ಮಾಡ್ರಿ ಅಂದೆ. ಎಷ್ಟು ಕಡಿಮಿ ಅಂತ ಹೇಳಲಿಲ್ಲ. ಹೇಳಾಕ ನಂಗ ಗೊತ್ತೂ ಇರಲಿಲ್ಲ."

"ನರ್ಸ್ ಆಗಿ ಗೊತ್ತಿಲ್ಲಂದ್ರ?"

ಅವರು ಪಟ್ಟಿಯನ್ನು ಬಿಚ್ಚಿ ಮಡಚುತ್ತ, ಬಿ.ಪಿ.ಯ ಅಂಕಿ ಹೇಳುವ ದನಿಯಲ್ಲೇ ಹೇಳಿದರು: "ಹೆಂಗ ಗೊತ್ತಾಗ್ಬೇಕ್ರಿ? ಇಷ್ಟ್ ವರ್ಷ ಬಂದೀನಿ. ನಿಮ್ಮ ಮನಿ ಪಲ್ಯಾ ಒಂದ್ ತುತ್ತು ಉಂಡಿಲ್ಲ. ಉಪ್ಪು ಹೆಚ್ಚದೋ, ಕಡಿಮಿ ಅದೋ, ಯಾವ್ದರಾಗ ಎಷ್ಟದೋ. ಹೊರಗ ಕೂತು ಹೇಳೂದು, ಹೋಗೂದು."

ಒಳಗೆ ದೊಡ್ಡತ್ತೆ ಕೆಮ್ಮಿದರು. ಮಾವನವರು ಬಹಳ ಹೊತ್ತು ತಮ್ಮ ತೋಳನ್ನೇ ನೋಡುತ್ತಿದ್ದರು, ಪಟ್ಟಿ ಇನ್ನೂ ಅಲ್ಲಿದೆಯೇನೋ ಎಂಬಂತೆ.

"ಊಟದ ಹೊತ್ತಾತು," ಅಂದರು ಕೊನೆಗೆ. "ಇಬ್ಬರಿಗೂ ತಾಟು ಹಾಕು. ಒಳಗ."

ಅಡುಗೆಮನೆಯ ಸ್ಟ್ಯಾಂಡಿನಿಂದ ನಾವೇ ಉಣ್ಣುವ ತಾಟುಗಳನ್ನು ತೆಗೆದೆ. ದೊಡ್ಡತ್ತೆ ಎದ್ದು ಹಿತ್ತಿಲಿಗೆ ಹೋದರು. ಸಿಸ್ಟರ್ ಹೊಸ್ತಿಲ ಬಳಿ ಒಂದು ಕ್ಷಣ ನಿಂತರು. ಬೇಡ ಅನ್ನುತ್ತಾರೇನೋ ಅಂದುಕೊಂಡೆ. ಅನ್ನಲಿಲ್ಲ. ಕಾಲು ತೊಳೆದು ಬಂದು ಕುಳಿತರು.

ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಒಂದೊಂದನ್ನೂ ಬೇರೆ ಬೇರೆಯಾಗಿ ಬಾಯಿಗಿಟ್ಟು, ಅವಸರವಿಲ್ಲದೆ ಜಗಿದರು. ಬಾಣಂತಿಯನ್ನು ಪರೀಕ್ಷಿಸುವಾಗಿನ ಗಮನವೇ ಇಲ್ಲಿಯೂ ಇತ್ತು.

"ಬ್ಯಾಳಿ ಛಲೋ ಅದ, ಅದ್ಕ ಏನೂ ಮಾಡಬ್ಯಾಡ. ಪುಂಡಿಪಲ್ಯಾ ಹೆಂಗೂ ಹುಳಿ ಇರ್ತದ, ಅರ್ಧಾ ಹಾಕಿದ್ರ ಸಾಕು. ಹಿಂಡಿ ಮಾತ್ರ ಬಾಯಾಗ ಇಡಾಕ ಆಗಂಗಿಲ್ಲವ್ವ," ಎಂದು ನನಗೆ ಹೇಳಿ, ಮಾವನವರ ಕಡೆ ತಿರುಗಿದರು. "ಸಪ್ಪನ ಗಡಗಿ ತಗೀರಿ. ಎಲ್ಲರ ಜೋಡಿ ಉಣ್ರಿ. ಬಾಜೂಕ ಇಟ್ಕೋತಿದ್ರಂತಲಾ ಗುಪ್ಪಿ, ಅದೊಂದು ಬ್ಯಾಡ."

"ಅಷ್ಟೇ ಏನು?"

"ಅಷ್ಟೇ ರೀ. ಡಾಕ್ಟರು ಹೇಳಿದ ದಿನ ಹೋಗಿ ರಕ್ತ ತೋರಿಸ್ರಿ."

"ಇಷ್ಟ ಸಣ್ಣ ಮಾತಿಗಿ ನಾ ಸಾಯತಿದ್ದೆ," ಅಂದು ಮಾವನವರು ನಕ್ಕರು. ಸಿಸ್ಟರ್ ನಗಲಿಲ್ಲ. ಉಂಡ ತಾಟನ್ನು ತೊಳೆಯಲು ಎತ್ತಿಕೊಂಡರು, ನಾನು ಬಿಡಲಿಲ್ಲ.

ದೂರು ಅಲ್ಲಿಗೇ ನಿಂತಿತು. ಊರು ಬದಲಾಯಿತೆಂದು ಹೇಳಲಾರೆ. ದೊಡ್ಡತ್ತೆ ಕೆಲವು ದಿನ ಹಿತ್ತಿಲಲ್ಲಿ ಬೇರೆ ಒಲೆ ಹೂಡಿ ಬೇಯಿಸಿಕೊಂಡರು. ಹೊಗೆಗೆ ಕಣ್ಣು ಉರಿಯತೊಡಗಿದ ಮೇಲೆ ಏನೂ ಹೇಳದೆ ಒಳಗೆ ಬಂದರು. ಸಿಸ್ಟರ್ ಮಾತ್ರ ತಮ್ಮ ಕ್ರಮ ಬದಲಿಸಿದರು. ಯಾವ ಮನೆಗೆ ಹೋದರೂ "ಇವತ್ತ ಏನ್ ಮಾಡೀರಿ? ಒಂಚೂರು ತೋರಸ್ರಿ" ಎಂದು ಕೈಚಾಚಿ ಕೇಳುತ್ತಿದ್ದರು. ಕೆಲವರು ಒಳಗೆ ಕರೆದರು. ಕೆಲವರು ಎಲೆಯ ಮೇಲೆ ಹಾಕಿ ದೂರದಿಂದ ಇಟ್ಟರು. ಕೆಲವರು ಇನ್ನೂ ಅಡುಗೆಯೇ ಆಗಿಲ್ಲ ಅಂದರು. ಎಲೆಯ ಮೇಲಿನದನ್ನೂ ತಿಂದು, ಉಪ್ಪಿನ ಲೆಕ್ಕವನ್ನು ಅಷ್ಟೇ ಅಕ್ಕರೆಯಿಂದ ಹೇಳುತ್ತಿದ್ದರು. ನಿಮಗೆ ಸಿಟ್ಟು ಬರುವುದಿಲ್ಲವೇ ಎಂದು ಒಮ್ಮೆ ಕೇಳಿದೆ. "ಬರ್ತದವ್ವ. ಬಂದ್ರೂ ಅವ್ರ ಬಿ.ಪಿ. ನಾನೇ ನೋಡಬೇಕಲಾ," ಅಂದರು.

ಆಮೇಲೆ ಅವರಿಗೆ ದೌಲತಾಬಾದ್ ಕಡೆ ವರ್ಗವಾಯಿತು. ಆಗೀಗ ಫೋನಿನಲ್ಲಿ ಮಾತಾಡುತ್ತಿದ್ದೆವು. ಅದೂ ನಿಂತಿತು. ಹೊಟ್ಟೆಯ ಕ್ಯಾನ್ಸರ್ ಆಗಿ ತವರಿಗೆ ಬಂದಿದ್ದರೆಂದೂ, ತೀರಿಕೊಂಡರೆಂದೂ ಎರಡು ಸುದ್ದಿ ನನಗೆ ಒಟ್ಟಿಗೇ ತಲುಪಿದವು.

ಕಂಗ್ಟಿಯ ಆಚೆಗಿರುವ ಅವರ ಊರಿಗೆ ನಾನೂ ನನ್ನ ಗಂಡನೂ ಹೋದಾಗ ಮಣ್ಣು ಮುಗಿದು ಎಷ್ಟೋ ದಿನವಾಗಿತ್ತು. ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ನರ್ಸಿನ ಸಮವಸ್ತ್ರದಲ್ಲಿದ್ದ ಅವರ ಫೋಟೊ. ಅವರ ತಾಯಿ ಚಾಪೆ ಹಾಸಿದರು; ನಾನು ಕುಳಿತೆ, ನನ್ನ ಗಂಡ ಬಾಗಿಲ ಹೊರಗೇ ನಿಂತರು. ನಾವು ಯಾರೆಂದು ಹೇಳಿದಾಗ, ಮಗಳು ನಮ್ಮ ಮನೆಯ ಸುದ್ದಿ ಹೇಳಿದ್ದಳು ಅಂದರು.

"ಕಡೀಕ ಡಾಕ್ಟರು ಏನ್ ಬೇಕಾದ್ರೂ ಉಣ್ಲಿ ಅಂದ್ರು ನೋಡವ್ವ. ಆಕಿ ಬಾಯಾಗ ರುಚೀನೇ ಉಳದಿರಲಿಲ್ಲ. ಎಷ್ಟ್ ಉಪ್ಪು ಹಾಕಿದ್ರೂ ಸಪ್ಪಗ ಅದ ಅಂತಿದ್ಲು."

ನಂತರ ಅವರು ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಗಂಡನ ಕಡೆ ನೋಡದೆ ನನ್ನನ್ನು ಕೇಳಿದರು: "ಅಂಗಡ್ಯಾಗಿಂದ ಕೂಲ್‌ಡ್ರಿಂಕ್ ತರಸ್ಲೇನ್ರಿ?"

ಬಾಟಲಿಯ ಮುಚ್ಚಳ ನಮ್ಮ ಕೈಯಿಂದಲೇ ತೆರೆದು ಕುಡಿಯುವ ವಸ್ತು. ನಮ್ಮಂಥವರು ಬಂದಾಗ ಆ ಕೇರಿಯಲ್ಲಿ ಅದನ್ನೇ ಕೇಳುತ್ತಾರೆ.

"ಬ್ಯಾಡವ್ವ," ಅಂದೆ. "ಹಸಿವ್ಯಾಗ್ಯದ. ಏನ್ ಮಾಡೀರಿ?"

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಗೋಡೆ ಹಿಡಿದು ಎದ್ದು ಒಳಗೆ ಹೋದರು. ತಾಟು ಇಡುವ ಸದ್ದು ಕೇಳಿತು, ಒಂದು, ಮತ್ತೆ ಸ್ವಲ್ಪ ತಡೆದು ಇನ್ನೊಂದು. ನನ್ನ ಗಂಡ ಇನ್ನೂ ಬಾಗಿಲ ಹೊರಗೇ ನಿಂತಿದ್ದರು. ನಾನು ಕರೆಯಲಿಲ್ಲ. ಅವರು ಒಮ್ಮೆ ದಾರಿಯ ಕಡೆ ನೋಡಿ, ಚಪ್ಪಲಿ ಬಿಟ್ಟು, ಕೈತೊಳೆಯಲು ನೀರು ಕೇಳಿದರು.