ಕೆರೆಗೆ ಬಂದ ಬಂಗುಡೆ

ನನ್ನ ಅಕ್ಷರ ದುಂಡಗಿಲ್ಲ, ಮಾತು ಜೋಡಿಸುವುದೂ ಅಷ್ಟಾಗಿ ಬರುವುದಿಲ್ಲ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಓದುವವರು ಕ್ಷಮಿಸಬೇಕು. ಆದರೆ ಇಲ್ಲಿರುವುದನ್ನೆಲ್ಲ ಅಂಜಿನಮ್ಮನವರನ್ನೇ ಕೇಳಿ, ಅವರಿಗೇ ಓದಿ ಹೇಳಿ, ತಿದ್ದಿ ಬರೆದಿದ್ದೇನೆ.

ಚಂದಾಪುರದಿಂದ ಆನೇಕಲ್ ಕಡೆ ಹೋಗುವಾಗ ಸಿಗುವ ನಮ್ಮೂರ ಕೆರೆಯಲ್ಲಿ ಅಂಜಿನಮ್ಮ, ಬಡ ಮೀನುಗಾರರಿಗೆ ಕೊಡುವ ಪಾಸ್ ಇಟ್ಟುಕೊಂಡು, ಮೀನು ಹಿಡಿಯುತ್ತಾರೆ. ಗಂಡ ಇದ್ದಾಗ ತೆಪ್ಪದ ಹಿಂದೆ ಕೂರುತ್ತಿದ್ದರು, ಈಗ ಮುಂದೆ ಕೂರುತ್ತಾರೆ. ಭಾನುವಾರ ಕೆರೆ ಏರಿಯ ಮೇಲೆ ಕಾಟ್ಲಾ, ಜಿಲೇಬಿ ಮೀನು ಗುಡ್ಡೆ ಹಾಕಿ ಮಾರುತ್ತಾರೆ. ಬೆರಳುದ್ದದ ಮರಿ ಸಿಕ್ಕರೆ ಬೈದು ನೀರಿಗೆ ಬಿಡುತ್ತಾರೆ. "ಓಗು, ನಿಮ್ಮವ್ವನ ತಾವ ಬೆಳ್ಕೊಂಡು ಬಾ."

ಕೆರೆಯ ಟೆಂಡರ್ ಹಿಡಿದ ಈರೇಶನಿಗೆ ಅಷ್ಟು ತಾಳ್ಮೆಯಿಲ್ಲ. ಅವನು ಸೊಳ್ಳೆ ಪರದೆಯಂಥ ಬಲೆ ಹಾಕಿ ಮರಿಗಳನ್ನೂ ಬಳಿದು ಕೋಳಿ ಮೇವಿಗೆ ಕಳಿಸುತ್ತಾನೆ. ವರ್ಷ ವರ್ಷಕ್ಕೆ ಮೀನು ಕಡಿಮೆಯಾಗುತ್ತಾ ಬಂತು. ಆ ಬಲೆ ನಿಲ್ಲಿಸಿ ಎಂದು ಕೇಳಲು ಅಂಜಿನಮ್ಮ ಕೆರೆ ಸಮಿತಿಯ ಅಧ್ಯಕ್ಷ ಚಿಕ್ಕಮುನಿಯಪ್ಪನವರ ಮನೆಗೆ ಅಲೆದೂ ಅಲೆದೂ ಚಪ್ಪಲಿ ಸವೆಸಿದರು. ಚಿಕ್ಕಮುನಿಯಪ್ಪ ಹೊಲದ ಜಾಗದಲ್ಲಿ ಪಿಜಿ ಕಟ್ಟಿಸಿದವರು. ಕಿಟಕಿಯಿಂದ ಕೆರೆ ಕಾಣುವ ರೂಮಿಗೆ ಬಾಡಿಗೆ ಜಾಸ್ತಿ. ಅವರಿಗೂ ಕೆರೆಗೂ ಇರುವ ಸಂಬಂಧ ಅಷ್ಟೇ.

ಅಷ್ಟರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದು ಕೆರೆಯನ್ನು ದತ್ತು ತೆಗೆದುಕೊಂಡಿತು. ಅವರ ಕಡೆಯಿಂದ ಬಾಲಾಜಿ ಎಂಬ ಸಲಹೆಗಾರರು ಯೋಜನೆ ತಂದರು. ಅದನ್ನು ಮೊದಲು ಕರಾವಳಿಗೆಂದು ಬರೆದಿದ್ದರಂತೆ. ಈಗ ಸಮುದ್ರ ಎಂದಿದ್ದಲ್ಲೆಲ್ಲ ಕೆರೆ ಎಂದು ಮಾಡಿದ್ದರು. ದಡದಿಂದ ಐದು ಮೈಲಿಯೊಳಗೆ ದೊಡ್ಡ ದೋಣಿ ಬರಬಾರದು ಎಂದಿತ್ತು. ನಾವು ದಡ ಬಿಟ್ಟು ಐದು ಮೈಲಿ ಹೋದರೆ ಹೊಸೂರು ರಸ್ತೆಯ ಟ್ರಾಫಿಕ್‌ನಲ್ಲಿ ನಿಂತಿರುತ್ತೇವೆ. ಕಾಪಾಡಬೇಕಾದ ಮೀನಿನ ಹೆಸರು ಬಂಗುಡೆ ಎಂದಿತ್ತು.

"ಬಂಗ್ಡೆ ಸಮುದ್ರದ್ದಲ್ವಾ ಸಾರ್?" ಎಂದು ಸಭೆಯಲ್ಲಿ ಎಲ್ಲರೂ ಕೇಳಿದರು.

"ಹೆಡ್ ಆಫೀಸಲ್ಲಿ ಅಪ್ರೂವ್ ಆಗ್ಬಿಟ್ಟಿದೆ. ಈಗ ಮೀನು ಚೇಂಜ್ ಮಾಡೋಕಾಗಲ್ಲ" ಎಂದರು ಬಾಲಾಜಿ. ಬಂಗುಡೆಯ ಫೋಟೋ ಒಂದು ಬೇಕೆಂದೂ ಹೇಳಿದರು.

ಚಿಕ್ಕಮುನಿಯಪ್ಪ ಚಂದಾಪುರದ ಅಂಗಡಿಯಿಂದ ಐಸಿನಲ್ಲಿಟ್ಟ ಬಂಗುಡೆ ತಂದು ಅಂಜಿನಮ್ಮನ ಬಲೆಗೆ ಸುರಿದರು. "ನಗು ಅಂಜಿನಕ್ಕ. ಫೋಟೋ ಚೆನ್ನಾಗ್ ಬಂದ್ರೆ ಈರೇಶನ ಬಲೆ ನಾನೇ ಕಿತ್ತಾಕಿಸ್ತೀನಿ."

"ಸತ್ತು ಮರಗಟ್ಟಿರೋದ್ನ ಇಡ್ಕೊಂಡು ನಗೋದೆಂಗಣ್ಣ?"

"ನಿನ್ ಗಂಡನ ಜೊತೆ ಅಷ್ಟು ವರ್ಷ ನಗ್ಲಿಲ್ವಾ? ಅಂಗೇ ನಗು."

ಅಂಜಿನಮ್ಮನಿಗೆ ನಗು ತಡೆಯಲಾಗಲಿಲ್ಲ. ಫೋಟೋ ಬಹಳ ಚೆನ್ನಾಗಿ ಬಂತು.

ಅಷ್ಟು ಚೆನ್ನಾಗಿ ಬರಬಾರದಿತ್ತು. ಕೆರೆಗೆ ಬಂಗುಡೆ ಬಂದಿದೆ ಎಂದು ಕಂಪನಿಯವರು ಕೇಕ್ ಕತ್ತರಿಸಿದರು. ಅದು ಹೆಚ್ಚಲಿ ಎಂದು, ಪಾಸ್ ಇರುವ ಬಡ ಮೀನುಗಾರರು ಎರಡು ವರ್ಷ ಬಲೆ ಬೀಸಬಾರದೆಂದು ಬೋರ್ಡ್ ನೆಡಿಸಿದರು. ಬೋರ್ಡಿನ ಮೇಲೆ ಅಂಜಿನಮ್ಮನೇ ನಗುತ್ತಿದ್ದಾರೆ. ಈರೇಶನದು ಟೆಂಡರ್, ಅದು ಬೇರೆ ಫೈಲು. ಅವನ ಬಲೆ ನೀರಿನಲ್ಲೇ ಇದೆ.

ಅಂಜಿನಮ್ಮ ಮತ್ತೆ ಅಧ್ಯಕ್ಷರ ಮನೆಗೆ ಹೋದರು. "ಬಂಗ್ಡೆ ಇಡ್ದೋಳು ನೀನೇ ತಾನೆ? ಈಗ ಇಲ್ಲ ಅಂದ್ರೆ ಇರೋ ಪಾಸೂ ಓಗ್ತದೆ ನೋಡು" ಎಂದರು ಚಿಕ್ಕಮುನಿಯಪ್ಪ, ಕಾಫಿ ಕೊಡಿಸಿ.

ಕಾಫಿ ಕುಡಿದು ಬಂದ ಅಂಜಿನಮ್ಮ ಆ ಬೋರ್ಡಿನ ಎದುರು ಹೋಗಿ ನಿಂತರು. ಆಮೇಲೆ ನನಗೆ ಹೇಳಿದರು, "ನಕ್ಕಿದ್ದು ನಾನೇ ಕಣಮ್ಮಿ. ನಾನೇ ಯೋಳ್ಬೇಕು. ಪಾಸ್ ಓದ್ರೆ ಓಗ್ಲಿ, ಮರಿ ಓದ್ರೆ ಪಾಸ್ ಇಟ್ಕೊಂಡು ಏನ್ ಇಡೀಲಿ?"

ಬರುವ ಶನಿವಾರ ಕಂಪನಿಯವರು ಬಂಗುಡೆ ನೋಡಲು ಬಸ್ ಮಾಡಿಕೊಂಡು ಬರುತ್ತಾರೆ. ಅವರೆದುರೇ ಈರೇಶನ ಬಲೆಯನ್ನು ದಡಕ್ಕೆಳೆದು, ಒಳಗಿರುವ ಮರಿಗಳನ್ನು ತೋರಿಸಿ, ಫೋಟೋದ ಮೀನು ಯಾವ ಅಂಗಡಿಯದೆಂದು ಅಂಜಿನಮ್ಮ ಹೇಳುತ್ತಾರೆ. ಆ ಬಲೆ ಒಬ್ಬರಿಂದ ಎಳೆಯಲಾಗುವುದಿಲ್ಲ. ಜನರ ಮುಂದೆ ನಿಲ್ಲಲು ನನಗೆ ನಾಚಿಕೆ. ಆದರೂ ಇನ್ನೊಂದು ತುದಿ ನಾನು ಹಿಡಿಯುತ್ತೇನೆ.